ಕವಾಟ ಬದಲಾಯಿತು, ಮಾತ್ರೆ ನಿಲ್ಲುವಂತಿಲ್ಲ



ಹೃದಯದ ಕವಾಟ ಬದಲಾಯಿಸಿಕೊಂಡು ಬಂದವರ ಮನೆಗೆ ನೆಂಟರಿಷ್ಟರು ನೋಡಲು ಬರುತ್ತಾರಲ್ಲ, ಆಗ ನಡೆಯುವ ಮಾತು ಬಹುಪಾಲು ಒಂದೇ ತೆರ. ಆಪರೇಷನ್ ಎಷ್ಟು ತಾಸು ನಡೆಯಿತು, ಎಷ್ಟು ಬಾಟಲಿ ರಕ್ತ ಕೊಟ್ಟರು, ಎದೆಯ ಮೇಲಿನ ಹೊಲಿಗೆ ಎಷ್ಟುದ್ದ, ಡಾಕ್ಟರು ಯಾರು. ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರುವ ಎರಡೋ ಮೂರೋ ಮಿಲಿಗ್ರಾಮಿನ ಪುಟ್ಟ ಮಾತ್ರೆಯ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಹೊಸ ಕವಾಟ ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಮಾತ್ರ ಆ ಮಾತ್ರೆಯ ಮೇಲೆಯೇ ನಿಂತಿದೆ. ರಕ್ತ ತೆಳುಮಾಡುವ ಮಾತ್ರೆ ನುಂಗಿ ತೊಂದರೆಗೆ ಬಿದ್ದವರನ್ನು ನಾನು ನೋಡಿದ್ದೇನೆ, ಇಲ್ಲವೆನ್ನುವುದಿಲ್ಲ. ಆದರೆ ಯಾರದೋ ಮಾತು ಕೇಳಿ ಅದನ್ನು ನಿಲ್ಲಿಸಿ ತೊಂದರೆಗೆ ಬಿದ್ದವರನ್ನು ಅದಕ್ಕಿಂತ ಹೆಚ್ಚು ನೋಡಿದ್ದೇನೆ. ಇವತ್ತಿನ ನನ್ನ ಮಾತೆಲ್ಲ ಅದರ ಸುತ್ತಲೇ.

ಮೊದಲು ಕವಾಟ ಕೆಡುವುದು ಹೇಗೆ ಅಂತ ನೋಡೋಣ. ಶ್ರೀಮಂತ ದೇಶಗಳಲ್ಲಿ ಕವಾಟದ ರೋಗಿ ಎಂದರೆ ಸಾಮಾನ್ಯವಾಗಿ ಎಪ್ಪತ್ತು ದಾಟಿದವರು; ವಯಸ್ಸಿನಿಂದ ಸುಣ್ಣಗಟ್ಟಿದ ಅಯೋರ್ಟಿಕ್ ಕವಾಟ ಅವರದು. ನಮ್ಮ ಆಸ್ಪತ್ರೆಗಳ ಸಾಲಿನಲ್ಲಿ ಕೂತಿರುವವರು ಬೇರೆ. ಇಪ್ಪತ್ತೆಂಟರ ಗೃಹಿಣಿ, ಮೂವತ್ತೈದರ ಗಾರೆ ಕೆಲಸದವನು, ಕೆಲವೊಮ್ಮೆ ಹೈಸ್ಕೂಲಿಗೆ ಹೋಗುವ ಹುಡುಗಿ. ಐದರಿಂದ ಹದಿನೈದು ವರ್ಷದೊಳಗೆ ಯಾವಾಗಲೋ ಗಂಟಲು ನೋವು ಬಂದಿರುತ್ತದೆ. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದ ಕೆಲಸ ಅದು. ಎರಡು ಮೂರು ವಾರ ಬಿಟ್ಟು ಜ್ವರ, ಮೊಣಕಾಲಿನಿಂದ ಮೊಣಕೈಗೆ ಓಡಾಡುವ ಕೀಲುನೋವು. ಎಣ್ಣೆ ಹಚ್ಚುತ್ತಾರೆ, ಹೋಗುತ್ತದೆ. ಆದರೆ ಆ ಜ್ವರ, ಅಂದರೆ ರುಮ್ಯಾಟಿಕ್ ಜ್ವರ, ಹೋಗುವಾಗ ಕವಾಟಕ್ಕೆ ಗಾಯ ಮಾಡಿ ಹೋಗಿರುತ್ತದೆ. ವರ್ಷಗಳುರುಳಿದಂತೆ ಎಡಗಡೆಯ ಮೈಟ್ರಲ್ ಕವಾಟ ದಪ್ಪವಾಗಿ, ಅಂಚುಗಳು ಅಂಟಿಕೊಂಡು, ಬಾಯಿ ಕಿರಿದಾಗುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತಾಗುವುದೇ ಬಸುರಿನ ಐದಾರನೇ ತಿಂಗಳಲ್ಲಿ ಏದುಸಿರು ಶುರುವಾದಾಗ.

ಕಿರಿದಾದ ಕವಾಟದ ಹಿಂದಿನ ಕೋಣೆ, ಎಡ ಹೃತ್ಕರ್ಣ, ಒತ್ತಡಕ್ಕೆ ಹಿಗ್ಗುತ್ತದೆ. ಹಿಗ್ಗಿದ ಕೋಣೆ ಲಯ ತಪ್ಪಿ ನಡುಗಲಾರಂಭಿಸುತ್ತದೆ. ಇದಕ್ಕೆ ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತೇವೆ. ನಡುಗುವ ಕೋಣೆ ರಕ್ತವನ್ನು ಪೂರ್ತಿ ಮುಂದಕ್ಕೆ ತಳ್ಳುವುದಿಲ್ಲ. ನಿಂತ ನೀರಿನಲ್ಲಿ ಪಾಚಿ ಕಟ್ಟುವ ಹಾಗೆ ಮೂಲೆಯಲ್ಲಿ ಹೆಪ್ಪು ಕಟ್ಟುತ್ತದೆ. ಅದರ ಒಂದು ಚೂರು ಕಿತ್ತು ಮೆದುಳಿಗೆ ಹೋದರೆ ಲಕ್ವ. ಕಾಲಿಗೆ ಹೋದರೆ ಕಾಲು ತಣ್ಣಗಾಗಿ ಕಪ್ಪಾಗುತ್ತದೆ. ಹಾಗಾಗಿ ಕವಾಟ ಬದಲಾಯಿಸದೆ ಇದ್ದವರಿಗೂ, ಬಲೂನಿನಿಂದ ಹಿಗ್ಗಿಸಿಕೊಂಡವರಿಗೂ, ಎದೆಬಡಿತ ಲಯ ತಪ್ಪಿದ್ದರೆ ಈ ಮಾತ್ರೆ ಬೇಕು.

ಕೃತಕ ಕವಾಟದ ಕಥೆ ಇನ್ನೊಂದು. 1960ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಆಲ್ಬರ್ಟ್ ಸ್ಟಾರ್ ಎಂಬ ಸರ್ಜನ್ನರೂ ಲೊವೆಲ್ ಎಡ್ವರ್ಡ್ಸ್ ಎಂಬ ಎಂಜಿನಿಯರರೂ ಸೇರಿ ಪಂಜರದೊಳಗೆ ಚೆಂಡು ಕುಣಿಯುವಂಥ ಕವಾಟ ಮಾಡಿ ಮನುಷ್ಯರಿಗೆ ಹಾಕಿದರು. ನಮ್ಮ ದೇಶದ್ದು ಬಂದದ್ದು ಅದಾಗಿ ಮೂವತ್ತು ವರ್ಷಕ್ಕೆ. ತಿರುವನಂತಪುರದ ಶ್ರೀಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾಕ್ಟರ್ ಎಂ. ಎಸ್. ವಲಿಯತ್ತಾನ್ ಮತ್ತು ಸಂಗಡಿಗರು ಮಾಡಿದ ಮೊದಲ ಮಾದರಿಗಳು ಒಂದಾದ ಮೇಲೊಂದು ಪರೀಕ್ಷೆಯಲ್ಲಿ ಸೋತವು, ನಾಲ್ಕನೆಯದು ನಿಂತಿತು. 1990ರ ಡಿಸೆಂಬರ್‌ನಲ್ಲಿ ಚಿತ್ರಾ ಕವಾಟವನ್ನು ಮೊದಲ ಸಲ ರೋಗಿಯೊಬ್ಬರಿಗೆ ಹಾಕಿದರು. ವಲಿಯತ್ತಾನ್ ಆಮೇಲೆ ನಮ್ಮ ಮಣಿಪಾಲಕ್ಕೆ ಬಂದು ಅಲ್ಲಿನ ವಿಶ್ವವಿದ್ಯಾಲಯದ ಮೊದಲ ವೈಸ್ ಛಾನ್ಸಲರ್ ಆದರು, 2024ರಲ್ಲಿ ಅಲ್ಲಿಯೇ ತೀರಿಕೊಂಡರು. ವಿದೇಶಿ ಕವಾಟಕ್ಕೆ ದುಡ್ಡಿಲ್ಲದ ಎಷ್ಟೋ ಮನೆಗಳಿಗೆ ಅವರ ಹೆಸರು ಗೊತ್ತಿಲ್ಲ, ಅವರ ಕವಾಟ ಗೊತ್ತು.

ಲೋಹದ್ದಾಗಲಿ, ಇಂಗಾಲದ ಲೇಪದ್ದಾಗಲಿ, ಇಂಥ ಕವಾಟ ಸುಲಭಕ್ಕೆ ಸವೆಯುವುದಿಲ್ಲ. ಆದರೆ ರಕ್ತಕ್ಕೆ ಅದು ಯಾವತ್ತಿಗೂ ಪರಕೀಯ ವಸ್ತು. ಅದರ ಮೇಲೆ ಹೆಪ್ಪು ಕಟ್ಟಲು ನೋಡುತ್ತಲೇ ಇರುತ್ತದೆ. ಮಾತ್ರೆ ಜೀವನಪರ್ಯಂತ. ಹಸುವಿನ ಅಥವಾ ಹಂದಿಯ ಅಂಗಾಂಶದ ಕವಾಟವಾದರೆ ಸಾಮಾನ್ಯವಾಗಿ ಮೊದಲ ಮೂರರಿಂದ ಆರು ತಿಂಗಳು ಸಾಕು, ಆದರೆ ಅದು ಹತ್ತು ಹದಿನೈದು ವರ್ಷಕ್ಕೆ ಹಳತಾಗುತ್ತದೆ, ಎಳೆಯ ದೇಹದಲ್ಲಿ ಇನ್ನೂ ಬೇಗ. ಅದಕ್ಕೇ ಚಿಕ್ಕ ವಯಸ್ಸಿನವರಿಗೆ ಹೆಚ್ಚಾಗಿ ಲೋಹದ್ದನ್ನೇ ಹಾಕುತ್ತಾರೆ.

ಇನ್ನು ಮಾತ್ರೆಯ ವಿಷಯ. ನಮ್ಮಲ್ಲಿ ಹೆಚ್ಚು ಬರೆಯುವುದು ಅಸಿನೋಕೂಮರಾಲ್. ಅಸಿಟ್ರೋಮ್ ಎಂದರೆ ರೋಗಿಗಳಿಗೆಲ್ಲ ಗೊತ್ತು. ಇನ್ನೊಂದು ವಾರ್ಫರಿನ್. ಎರಡೂ ಒಂದೇ ಮನೆತನದವು. "ಡಾಕ್ಟ್ರೇ, ಇದು ಇಲಿಪಾಷಾಣವಂತೆ ಹೌದಾ?" ಎಂದು ಮೊಬೈಲಿನಲ್ಲಿ ಓದಿಕೊಂಡು ಬಂದು ಕೇಳುತ್ತಾರೆ. ಕೇಳಿದವರು ಪರವಾಗಿಲ್ಲ, ಉತ್ತರ ಕೇಳಿಸಿಕೊಂಡು ಹೋಗುತ್ತಾರೆ. ಕೇಳದೆ ಮಾತ್ರೆ ಬಿಟ್ಟವರ ಸಲುವಾಗಿ ಕಥೆಯನ್ನು ಪೂರ್ತಿ ಹೇಳುತ್ತೇನೆ.

1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರದ ಬಯಲುಗಳಲ್ಲಿ ದನಗಳು ವಿಚಿತ್ರವಾಗಿ ಸಾಯತೊಡಗಿದವು. ಕೋಡು ಕತ್ತರಿಸಿದರೆ, ಬೀಜ ಒಡೆದರೆ, ಅಷ್ಟೇ. ರಕ್ತ ನಿಲ್ಲುತ್ತಲೇ ಇರಲಿಲ್ಲ. ಫ್ರಾಂಕ್ ಸ್ಕೋಫೀಲ್ಡ್ ಎಂಬ ಪಶುವೈದ್ಯರು ಕಾರಣ ಹಿಡಿದರು: ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಹುಲ್ಲು. ಒಳ್ಳೆಯ ಹುಲ್ಲಿನಿಂದ ಏನೂ ಆಗುವುದಿಲ್ಲ, ಒದ್ದೆಯಾಗಿ ಕೊಳೆತದ್ದು ಮಾತ್ರ ಕೊಲ್ಲುತ್ತಿತ್ತು. 1933ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್‌ನ ಎಡ್ ಕಾರ್ಲ್‌ಸನ್ ಎಂಬ ರೈತ, ಸತ್ತ ಕಡಸು, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ, ಒಂದಷ್ಟು ಕೊಳೆತ ಹುಲ್ಲು, ಇಷ್ಟನ್ನು ಲಾರಿಗೆ ಹೇರಿಕೊಂಡು ಹಿಮಗಾಳಿಯಲ್ಲಿ ಮುನ್ನೂರು ಕಿಲೋಮೀಟರು ದಾಟಿ ಮ್ಯಾಡಿಸನ್ ಪಟ್ಟಣಕ್ಕೆ ಬಂದ. ಪಶುವೈದ್ಯ ಕಚೇರಿ ಮುಚ್ಚಿತ್ತು. ಬಾಗಿಲು ತೆರೆದಿದ್ದದ್ದು ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನ ವಿಜ್ಞಾನಿಯ ಪ್ರಯೋಗಶಾಲೆ. ಹುಲ್ಲು ತಿನ್ನಿಸಬೇಡ ಎಂಬುದನ್ನು ಬಿಟ್ಟು ಅವನಿಗೆ ಹೇಳಲು ಅವತ್ತು ಲಿಂಕ್ ಬಳಿ ಏನೂ ಇರಲಿಲ್ಲ. ಆರ್ಥಿಕ ಮುಗ್ಗಟ್ಟಿನ ವರ್ಷ, ಬೇರೆ ಹುಲ್ಲು ಕೊಳ್ಳಲು ಆ ರೈತನ ಹತ್ತಿರ ಕಾಸಿರಲಿಲ್ಲ. ಆ ಕ್ಯಾನಿನ ರಕ್ತದ ಹಿಂದೆ ಬಿದ್ದ ಲಿಂಕ್‌ರ ತಂಡ ಆರೇಳು ವರ್ಷ ದುಡಿದು ಡೈಕೂಮರಾಲ್ ಎಂಬ ವಸ್ತುವನ್ನು ಹೊರತೆಗೆಯಿತು. ಅದರ ಬಳಗದ ವಾರ್ಫರಿನ್ 1948ರಲ್ಲಿ ಇಲಿ ಕೊಲ್ಲುವ ಪುಡಿಯಾಗಿ ಮಾರುಕಟ್ಟೆಗೆ ಬಂತು, ನಿಜ. 1951ರಲ್ಲಿ ಸೈನ್ಯದ ಹುಡುಗನೊಬ್ಬ ಸಾಯಲೆಂದು ಅದನ್ನು ತಿಂದ. ವಿಟಮಿನ್ ಕೆ ಕೊಟ್ಟದ್ದಕ್ಕೆ ಬದುಕಿದ. ಹಾಗಾದರೆ ಮನುಷ್ಯರಿಗೆ ಅಳತೆಯಲ್ಲಿ ಕೊಟ್ಟು, ಬೇಕಾದಾಗ ತಿರುಗಿಸಲೂಬಹುದು ಎಂದು ವೈದ್ಯರಿಗೆ ಧೈರ್ಯ ಬಂತು. 1954ರಲ್ಲಿ ಔಷಧವಾಗಿ ಒಪ್ಪಿಗೆ ಸಿಕ್ಕಿತು. ಮರುವರ್ಷ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೇ ಇದನ್ನು ಕೊಟ್ಟರು. ಅಧ್ಯಕ್ಷರು ನುಂಗಿದ್ದನ್ನು ನಾವು ನುಂಗಲು ಹೆದರಬೇಕಾಗಿಲ್ಲ. ಅಳತೆಗೆ ಮಾತ್ರ ಹೆದರಬೇಕು.

ನಮ್ಮ ಪಿತ್ತಜನಕಾಂಗ ಹೆಪ್ಪುಗಟ್ಟಿಸುವ ಹಲವು ಪ್ರೋಟೀನುಗಳನ್ನು ತಯಾರಿಸುತ್ತದೆ. ಅವುಗಳಲ್ಲಿ ನಾಲ್ಕಕ್ಕೆ ವಿಟಮಿನ್ ಕೆ ಬೇಕೇ ಬೇಕು. ಮಾತ್ರೆ ಆ ವಿಟಮಿನ್ನಿನ ಮರುಬಳಕೆಗೆ ಅಡ್ಡ ನಿಲ್ಲುತ್ತದೆ. ನಾಲ್ಕು ಪ್ರೋಟೀನುಗಳೂ ಒಟ್ಟಿಗೆ ಇಳಿಯುವುದಿಲ್ಲ. ಒಂದು ಆರು ತಾಸಿನಲ್ಲಿ ಅರ್ಧಕ್ಕಿಳಿದರೆ ಇನ್ನೊಂದಕ್ಕೆ ಎರಡು ಮೂರು ದಿನ ಬೇಕು. ಆದ್ದರಿಂದ ಇವತ್ತು ಬದಲಾಯಿಸಿದ ಅಳತೆಯ ಫಲ ನಾಳೆಯ ಪರೀಕ್ಷೆಯಲ್ಲಿ ಪೂರ್ತಿ ಕಾಣುವುದಿಲ್ಲ. ಆಸ್ಪತ್ರೆಯಲ್ಲಿ ಮೊದಲ ದಿನಗಳಲ್ಲಿ ಹೆಪರಿನ್ ಇಂಜೆಕ್ಷನ್ನನ್ನೂ ಜೊತೆಗೆ ಕೊಡುವುದು ಅದಕ್ಕೇ.

ಅಳತೆ ಗೊತ್ತಾಗುವುದು ಐಎನ್‌ಆರ್ ಎಂಬ ಪರೀಕ್ಷೆಯಿಂದ. ಮಾತ್ರೆ ತೆಗೆದುಕೊಳ್ಳದವರಲ್ಲಿ ಅದು ಸುಮಾರು 1. ಅಯೋರ್ಟಿಕ್ ಜಾಗದಲ್ಲಿ ಈಗಿನ ಲೋಹದ ಕವಾಟ ಇದ್ದವರಿಗೆ ಸಾಮಾನ್ಯವಾಗಿ 2ರಿಂದ 3, ಮೈಟ್ರಲ್ ಜಾಗದಲ್ಲಿದ್ದರೆ 2.5ರಿಂದ 3.5ರ ನಡುವೆ ಇರಬೇಕು. ನಿಮ್ಮದು ಎಷ್ಟಿರಬೇಕು ಎಂದು ನಿಮ್ಮ ವೈದ್ಯರು ಬರೆದುಕೊಟ್ಟಿರುತ್ತಾರೆ. ಪಕ್ಕದ ಮನೆಯವರ ಸಂಖ್ಯೆ ನಿಮ್ಮದಲ್ಲ. ಪರೀಕ್ಷೆಗೆ ರಕ್ತ ತೆಗೆಯುವ ತಿಳಿನೀಲಿ ಮುಚ್ಚಳದ ಟ್ಯೂಬನ್ನು ಗೆರೆಯವರೆಗೆ ತುಂಬಬೇಕು. ಒಳಗಿನ ಸಿಟ್ರೇಟ್ ದ್ರವಕ್ಕೆ ಒಂಬತ್ತು ಪಾಲು ರಕ್ತ ಸೇರಬೇಕು, ಕಡಿಮೆಯಾದರೆ ಸಂಖ್ಯೆ ಸುಳ್ಳಾಗಿ ಮೇಲೇರುತ್ತದೆ. ಹಾಗೆ ಏರಿದ ಸಂಖ್ಯೆಯನ್ನು ನಂಬಿ ಮಾತ್ರೆ ಕಡಿಮೆ ಮಾಡಿಬಿಟ್ಟರೆ? ಸಂಖ್ಯೆ ಕಾರಣವಿಲ್ಲದೆ ಹಾರಿದರೆ ಮೊದಲು ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ ಅನ್ನುತ್ತೇನೆ ನಾನು.

ನಮ್ಮಲ್ಲಿಗೆ ಬರುವ ಒಬ್ಬ ರೈತರ ಐಎನ್‌ಆರ್ ಪುಸ್ತಕವನ್ನು ನಾನು ಹೊಸ ವೈದ್ಯರಿಗೆ ತೋರಿಸುವುದುಂಟು. ಬರೆಯುವುದು ಹತ್ತನೇ ಕ್ಲಾಸಿನ ಅವರ ಮಗಳು. ತಾರೀಕು, ಸಂಖ್ಯೆ, ಸೋಮವಾರದಿಂದ ಭಾನುವಾರದವರೆಗಿನ ಮಾತ್ರೆ, ಕೊನೆಗೆ ಅವಳೇ ಸ್ಕೇಲಿಟ್ಟು ಎಳೆದುಕೊಂಡ ಒಂದು ಖಾನೆ. 2.8, 2.6, 3.1 ಎಂದು ಸಾಲು ಸಮನಾಗಿ ಹೋಗುತ್ತಿದ್ದದ್ದು ಒಂದು ಕಡೆ 5.6ಕ್ಕೆ ಹಾರಿದೆ, ಖಾನೆಯಲ್ಲಿ "ಭೇದಿ, ಮೆಡಿಕಲ್ ಶಾಪಿನ ಮಾತ್ರೆ ಐದು ದಿನ" ಎಂದಿದೆ. ಆ ಮಾತ್ರೆ ಮೆಟ್ರೊನಿಡಜೋಲ್. ಎರಡು ತಿಂಗಳು ಬಿಟ್ಟು 1.4, "ಕೊಯ್ಲು, ಮೂರು ದಿನ ಮರೆತರು" ಎಂದು ಕೆಂಪು ಇಂಕಿನಲ್ಲಿ. ಆ ಖಾನೆ ಇಲ್ಲದಿದ್ದರೆ ನಾನು ಅಳತೆಯನ್ನು ಏರಿಸಿ ಇಳಿಸಿ ಕೆಡಿಸಿಬಿಡುತ್ತಿದ್ದೆ. ಅವರ ಅಳತೆ ಸರಿಯಾಗಿಯೇ ಇತ್ತು, ನಡುವೆ ಬಂದದ್ದು ಬದುಕು.

ಔಷಧಗಳ ಜಗಳವೇ ದೊಡ್ಡದು. ಮೆಟ್ರೊನಿಡಜೋಲ್, ಕೋಟ್ರೈಮೊಕ್ಸಜೋಲ್, ಚರ್ಮದ ತುರಿಕೆಗೆ ನುಂಗುವ ಫ್ಲುಕೊನಜೋಲ್, ಇವು ಐಎನ್‌ಆರ್ ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆಗೆ ಕೊಡುವ ಕಾರ್ಬಮಜಪೈನ್ ಇಳಿಸುತ್ತವೆ. ಬೆನ್ನುನೋವಿಗೆ ಡೈಕ್ಲೋಫೆನಾಕ್ ಮಾತ್ರೆ ಹೊಟ್ಟೆಯಲ್ಲಿ ರಕ್ತಸ್ರಾವಕ್ಕೆ ದಾರಿ. ಅದನ್ನೇ ಸೊಂಟಕ್ಕೆ ಇಂಜೆಕ್ಷನ್ ಮಾಡಿಸಿಕೊಂಡರೆ ಸ್ನಾಯುವಿನೊಳಗೇ ರಕ್ತ ತುಂಬಿ ಕೂರಲಾಗದಂತಾಗುತ್ತದೆ. "ಒಂದು ಸೂಜಿ ಹಾಕಿ ಸಾರ್" ಎಂದು ಕೇಳುವ ನಮ್ಮ ಅಭ್ಯಾಸವನ್ನು ಇವರು ಬಿಡಲೇಬೇಕು. ರುಮ್ಯಾಟಿಕ್ ಜ್ವರ ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಹಾಕುವ ಪೆನಿಸಿಲಿನ್ ಮಾತ್ರ ಬೇರೆ ಮಾತು. ಅದು ಮುಂದುವರಿಯಬೇಕೆ, ಮಾತ್ರೆಗೆ ಬದಲಾಯಿಸಬೇಕೆ ಎಂದು ಹೃದಯ ವೈದ್ಯರನ್ನೇ ಕೇಳಿ. ಡೆಂಗಿ ಜ್ವರ ಬಂದು ಪ್ಲೇಟ್‌ಲೆಟ್ ಇಳಿದರೆ ಮನೆಯಲ್ಲಿ ಕೂತು ಲೆಕ್ಕ ಹಾಕುವುದಲ್ಲ, ಆಸ್ಪತ್ರೆಗೆ ಸೇರುವುದು.

ಸೊಪ್ಪಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇದರಲ್ಲಿ ನಮ್ಮ ವೈದ್ಯರೇ ಜನರನ್ನು ಹೆದರಿಸಿಟ್ಟಿದ್ದೇವೆ. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ, ಹಾಗಾಗಿ ಸೊಪ್ಪು ಮುಟ್ಟಬೇಡಿ ಎಂದು ಹೇಳಿ ಕಳಿಸುತ್ತಾರೆ. ದಂಟು, ಹರಿವೆ, ನುಗ್ಗೆ, ಮೆಂತ್ಯ ಬಿಟ್ಟು ಹಳೇ ಮೈಸೂರಿನ ಒಂದು ಮನೆಯಲ್ಲಿ ವಾರ ಕಳೆಯುವುದು ಹೇಗೆ? ಬಸ್ಸಾರು ಬೇಡವೇ? ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಜೊತೆ ಹಸಿ ಮೆಂತ್ಯ, ಹಕ್ಕರಿಕೆ ಇಲ್ಲದೆ ಊಟವೇ? ನಿಷೇಧ ಬೇಕಿಲ್ಲ, ಸಮ ಇದ್ದರೆ ಸಾಕು. ವಾರಕ್ಕೆ ಎರಡು ಸಲ ತಿನ್ನುವವರು ಎರಡು ಸಲವೇ ತಿನ್ನಲಿ, ದಿನಾ ತಿನ್ನುವವರು ದಿನಾ ತಿನ್ನಲಿ; ಅದಕ್ಕೆ ಹೊಂದುವ ಮಾತ್ರೆಯ ಅಳತೆಯನ್ನು ನಾವು ಹುಡುಕಿಕೊಡುತ್ತೇವೆ. ತೊಂದರೆ ಮಾಡುವುದು ದಿಢೀರ್ ಬದಲಾವಣೆ: ಮಳೆ ಬಿದ್ದೊಡನೆ ತೋಟದ ಸೊಪ್ಪೆಲ್ಲ ಒಮ್ಮೆಲೇ ಅಡುಗೆಮನೆಗೆ ಬರುವುದು, ಯಾರೋ ಹೇಳಿದರೆಂದು ಬೆಳಿಗ್ಗೆ ಗೋಧಿಹುಲ್ಲಿನ ರಸ, ನುಗ್ಗೆಸೊಪ್ಪಿನ ಪುಡಿ ಶುರುಮಾಡುವುದು. ಶ್ರಾವಣದ ಉಪವಾಸದಲ್ಲಿ ತಿರುಗಾಮುರುಗಾ, ಊಟ ಕಡಿಮೆಯಾಗಿ ಐಎನ್‌ಆರ್ ಏರುತ್ತದೆ. ಸಾರಿಗೆ ಹಾಕುವ ಬೆಳ್ಳುಳ್ಳಿ, ಶುಂಠಿ, ಅರಿಶಿನಕ್ಕೆ ನನ್ನ ತಕರಾರಿಲ್ಲ. ಅದೇ ವಸ್ತುವನ್ನು ಕ್ಯಾಪ್ಸೂಲಿನಲ್ಲಿ ತುಂಬಿ ಮಾರಿದ್ದಕ್ಕೆ ಇದೆ. ಸಾರಾಯಿ ವಿಚಾರ ನೀವೇ ಊಹಿಸಿಕೊಳ್ಳಿ.

ಮಾತ್ರೆ ಸಂಜೆ ಒಂದೇ ಹೊತ್ತಿಗೆ. ಬೆಳಿಗ್ಗೆ ರಕ್ತ ಕೊಟ್ಟರೆ ಸಂಜೆಯೊಳಗೆ ವರದಿ ನೋಡಿ ಅಳತೆ ಹೇಳಬಹುದೆಂಬುದೇ ಸಂಜೆಯ ಗುಟ್ಟು. ಮರೆತದ್ದು ಅದೇ ದಿನ ನೆನಪಾದರೆ ನುಂಗಿ. ಮರುದಿನ ನೆನಪಾದರೆ ಎರಡು ಸೇರಿಸಿ ನುಂಗಬೇಡಿ, ಪುಸ್ತಕದಲ್ಲಿ ಬರೆಯಿರಿ.

ಇನ್ನು ಮಾತ್ರೆ ನಿಲ್ಲಿಸುವವರು ಯಾರು? ಹಲ್ಲು ಕೀಳಿಸಿಕೊಳ್ಳಲು ಹೊರಟವರು ಮೊದಲನೆಯವರು. ಐಎನ್‌ಆರ್ ತನ್ನ ಮಿತಿಯಲ್ಲಿದ್ದರೆ ಸಾಧಾರಣ ಹಲ್ಲನ್ನು ಮಾತ್ರೆ ನಿಲ್ಲಿಸದೆಯೇ ಕೀಳಬಹುದು. ಹೊಲಿಗೆ ಹಾಕಿ, ಅದುಮಿ ಹಿಡಿದು, ಟ್ರಾನೆಕ್ಸಾಮಿಕ್ ದ್ರವದಲ್ಲಿ ಬಾಯಿ ಮುಕ್ಕಳಿಸಿದರೆ ರಕ್ತ ನಿಲ್ಲುತ್ತದೆ. ಕೃತಕ ಕವಾಟ ಇರುವುದರಿಂದ ಮುಂಚೆ ಒಂದು ಡೋಸ್ ಆಂಟಿಬಯೋಟಿಕ್ ಬೇಕು, ಅದನ್ನು ಮರೆಯುವಂತಿಲ್ಲ. "ಒಂದು ವಾರ ಅಸಿಟ್ರೋಮ್ ಬಿಟ್ಟು ಬನ್ನಿ" ಎಂದು ಯಾರಾದರೂ ಹೇಳಿದರೆ, ಹೇಳಿದವರು ಎಷ್ಟೇ ದೊಡ್ಡವರಿರಲಿ, ಕವಾಟ ಹಾಕಿದ ಆಸ್ಪತ್ರೆಗೆ ಒಂದು ಫೋನ್ ಮಾಡಿ.

ಎರಡನೆಯವರು ಹೆಣ್ಣುಮಕ್ಕಳೇ, ತಾವಾಗಿ. ಈ ಮಾತ್ರೆಯಿಂದ ಮುಟ್ಟಿನ ರಕ್ತ ಹೆಚ್ಚಾಗುತ್ತದೆ. ಆ ನಾಲ್ಕು ದಿನ ಸುಮ್ಮನೆ ಮಾತ್ರೆ ಬಿಡುತ್ತಾರೆ; ಗಂಡನಿಗೂ ಹೇಳುವುದಿಲ್ಲ, ನಮಗೂ ಹೇಳುವುದಿಲ್ಲ. ತಿಂಗಳು ತಿಂಗಳೂ ಐಎನ್‌ಆರ್ ಬಿದ್ದು ಏಳುತ್ತಿರುತ್ತದೆ, ನಾವು ಸೊಪ್ಪನ್ನು ಬೈಯುತ್ತಿರುತ್ತೇವೆ. ಅತಿಸ್ರಾವಕ್ಕೆ ಬೇರೆ ಚಿಕಿತ್ಸೆ ಇದೆ, ದಯವಿಟ್ಟು ಬಾಯಿಬಿಟ್ಟು ಹೇಳಿ. ನಾಚಿಕೆಯಾದರೆ ನರ್ಸಮ್ಮನ ಹತ್ತಿರ ಹೇಳಿ.

ಬಸುರಿನ ಪ್ರಶ್ನೆ ಇದಕ್ಕಿಂತ ಕಠಿಣ. ಈ ಮಾತ್ರೆ ತಾಯಿಯಿಂದ ಮಗುವಿಗೆ ದಾಟುತ್ತದೆ. ಆರನೇ ವಾರದಿಂದ ಹನ್ನೆರಡನೇ ವಾರದವರೆಗೆ ಮಗುವಿನ ಮೂಗಿನ ಎಲುಬು, ಮೃದ್ವಸ್ಥಿಗಳಿಗೆ ಹಾನಿ ಮಾಡಬಹುದು. ವಾರ್ಫರಿನ್ ದಿನಕ್ಕೆ 5 ಮಿಲಿಗ್ರಾಮ್ ಮೀರದಿದ್ದರೆ ಅಪಾಯ ಕಡಿಮೆ. ಹೆಪರಿನ್ ಮಗುವಿಗೆ ದಾಟುವುದಿಲ್ಲ, ಆದರೆ ತಾಯಿಯ ಕವಾಟವನ್ನು ಮಾತ್ರೆಯಷ್ಟು ಚೆನ್ನಾಗಿ ಕಾಯುವುದಿಲ್ಲ. ಹೀಗೆ ತಾಯಿಯ ಹಿತ ಒಂದು ಕಡೆ, ಮಗುವಿನ ಹಿತ ಒಂದು ಕಡೆ ಎಳೆಯುತ್ತದೆ. ಯಾವ ತಿಂಗಳಲ್ಲಿ ಯಾವುದು ಎಂಬುದನ್ನು ಆ ತಾಯಿಯ ಕವಾಟ, ಅವಳ ಅಳತೆ, ಅವಳ ಊರಿನಿಂದ ಆಸ್ಪತ್ರೆಗಿರುವ ದೂರ ಇಷ್ಟನ್ನೂ ನೋಡಿ ಹೇಳಬೇಕು. ಹೆರಿಗೆಗೆ ಕೆಲವು ವಾರ ಮುಂಚೆ ಮಾತ್ರೆಯಿಂದ ಹೆಪರಿನ್ನಿಗೆ ಬದಲಾಯಿಸುತ್ತಾರೆ. ಹೆರಿಗೆಯಾದ ಮೇಲೆ ಮಾತ್ರೆ ಮತ್ತೆ ಶುರು, ಎದೆಹಾಲು ನಿಲ್ಲಿಸಬೇಕಿಲ್ಲ. ಮುಟ್ಟು ಒಂದು ವಾರ ತಡವಾದರೂ ಪರೀಕ್ಷೆ ಮಾಡಿಕೊಂಡು ಬಂದುಬಿಡಬೇಕು, ಮೂರು ತಿಂಗಳು ತುಂಬಲಿ ಎಂದು ಗುಟ್ಟಾಗಿಡುವ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಮನೆಯವರಿಗೆ ಗುಟ್ಟು ಮಾಡಿ ಬೇಕಾದರೆ, ನಮಗೆ ಬೇಡ.

ಪರೀಕ್ಷೆಯೇ ಬೇಡದ ಹೊಸ ಮಾತ್ರೆಗಳು ಬಂದಿವೆಯಲ್ಲ, ಅವನ್ನೇಕೆ ಕೊಡುವುದಿಲ್ಲ? ಬೆಂಗಳೂರಿನಲ್ಲಿ, ವಿದೇಶದಲ್ಲಿ ಮಕ್ಕಳಿರುವವರು ಕೇಳುವ ಪ್ರಶ್ನೆ ಇದು. ಲೋಹದ ಕವಾಟದವರಲ್ಲಿ ಡಾಬಿಗಟ್ರಾನ್ ಪ್ರಯೋಗಿಸಿ ನೋಡಿದರು. ಹೆಪ್ಪೂ ಹೆಚ್ಚು, ರಕ್ತಸ್ರಾವವೂ ಹೆಚ್ಚು. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಕವಾಟ ಬದಲಾಯಿಸದ ರುಮ್ಯಾಟಿಕ್ ರೋಗಿಗಳಿಗಾದರೂ ಆದೀತೆ ಎಂದು ನೋಡಲು 24 ದೇಶಗಳಲ್ಲಿ ಸುಮಾರು ನಾಲ್ಕೂವರೆ ಸಾವಿರ ಜನರ ಮೇಲೆ ಇನ್ವಿಕ್ಟಸ್ ಎಂಬ ಅಧ್ಯಯನ ನಡೆಯಿತು. ಮುಂದಾಳುಗಳಲ್ಲಿ ಆಗ ದೆಹಲಿಯ ಏಮ್ಸ್‌ನಲ್ಲಿದ್ದ ಡಾಕ್ಟರ್ ಗಣೇಶನ್ ಕಾರ್ತಿಕೇಯನ್ ಒಬ್ಬರು. 2022ರಲ್ಲಿ ಫಲಿತಾಂಶ ಬಂದಾಗ ಬಹಳ ಜನಕ್ಕೆ ಆಶ್ಚರ್ಯ: ಹೊಸ ರಿವರಾಕ್ಸಬಾನ್ ತೆಗೆದುಕೊಂಡವರಿಗಿಂತ ಹಳೇ ಮಾತ್ರೆಯವರಲ್ಲಿ ಸಾವು ಕಡಿಮೆ. ಅವರೆಲ್ಲರ ಐಎನ್‌ಆರ್ ಸದಾ ಮಿತಿಯಲ್ಲಿರಲಿಲ್ಲ, ಆದರೂ. ತಿಂಗಳಿಗೊಮ್ಮೆ ಪರೀಕ್ಷೆಗೆ ಬಂದು ವೈದ್ಯರ ಕಣ್ಣಿಗೆ ಬೀಳುವುದೇ ಒಂದು ರಕ್ಷೆಯೇನೋ ಎಂದು ನನಗನ್ನಿಸುತ್ತದೆ. ಹಾಗಾಗಿ ಅಮೆರಿಕದ ಮಗ ದುಬಾರಿ ಮಾತ್ರೆ ಕಳಿಸಿದರೆ ಬೇಸರ ಮಾಡಿಕೊಳ್ಳದೆ ಪಕ್ಕಕ್ಕಿಡಿ.

ಆಪರೇಷನ್ನಿಗೆ ಸರ್ಕಾರದ ಯೋಜನೆಗಳ ನೆರವು ಸಿಗುತ್ತದೆ. ಆಮೇಲಿನ ಪರೀಕ್ಷೆ, ಬಸ್ ಚಾರ್ಜು, ತಪ್ಪಿದ ಕೂಲಿ ಬಹುಪಾಲು ಮನೆಯವರ ತಲೆಯ ಮೇಲೆಯೇ. ಜಯದೇವ ಸಂಸ್ಥೆ ಬೆಂಗಳೂರಲ್ಲದೆ ಮೈಸೂರು, ಕಲಬುರಗಿಗಳಲ್ಲೂ ಇದೆ, ಸಂತೋಷ. ಆದರೆ ಐಎನ್‌ಆರ್ ಪರೀಕ್ಷೆ ನಂಬುವಂತೆ ಸಿಗಬೇಕಾದದ್ದು ತಾಲ್ಲೂಕು ಆಸ್ಪತ್ರೆಯಲ್ಲಿ. ಕೋಟಿಗಟ್ಟಲೆ ಯಂತ್ರ ಅದಕ್ಕೆ ಬೇಕಿಲ್ಲ.

ಅಪಾಯದ ಗುರುತುಗಳನ್ನು ಬೇಗ ಹೇಳಿಬಿಡುತ್ತೇನೆ. ಕಪ್ಪು ಮಲ, ಕೆಂಪು ಮೂತ್ರ, ನಿಲ್ಲದ ಮೂಗಿನ ರಕ್ತ, ಬಿದ್ದು ತಲೆಗೆ ಪೆಟ್ಟಾದದ್ದು, ಬೀಳದೆಯೂ ಬಂದ ತಡೆಯಲಾರದ ತಲೆನೋವು: ತಕ್ಷಣ ಆಸ್ಪತ್ರೆಗೆ. ಮುಖ ಓರೆ, ಮಾತು ತೊದಲು, ಕೈ ಎತ್ತಲಾಗದಿದ್ದರೂ ಅಷ್ಟೇ. ಸಂಖ್ಯೆ 5 ಎಂದು ಬಂದು ರಕ್ತಸ್ರಾವ ಏನೂ ಇಲ್ಲದಿದ್ದರೆ ಗಾಬರಿ ಬೇಡ. ಸಾಮಾನ್ಯವಾಗಿ ಒಂದೆರಡು ಡೋಸ್ ಬಿಡಿಸಿ ಮತ್ತೆ ಪರೀಕ್ಷೆ ಮಾಡುತ್ತೇವೆ. ಅದನ್ನು ಫೋನಿನಲ್ಲಿ ಕೇಳಿ ಮಾಡಿ, ನೀವೇ ನಿರ್ಧರಿಸಬೇಡಿ.

ಲೋಹದ ಕವಾಟ ಮುಚ್ಚಿಕೊಳ್ಳುವಾಗ ಟಿಕ್ ಎನ್ನುತ್ತದೆ. ಪಕ್ಕದಲ್ಲಿ ಮಲಗುವವರಿಗೆ ಅದು ಚೆನ್ನಾಗಿ ಅಭ್ಯಾಸವಾಗಿರುತ್ತದೆ. ಆ ಸದ್ದು ಮಂದವಾಗಿ, ಮಲಗಿದರೆ ಉಸಿರು ಕಟ್ಟುವಂತಾದರೆ ಕವಾಟಕ್ಕೆ ಹೆಪ್ಪು ಸಿಕ್ಕಿರಬಹುದು. ಎಕ್ಸ್‌ರೇ ಪರದೆಯ ಮೇಲೆ ಬಿಲ್ಲೆ ಅಲುಗಾಡುತ್ತಿದೆಯೋ ಇಲ್ಲವೋ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ಹೆಪ್ಪು ಕರಗಿಸುವ ಔಷಧವಿದೆ, ಮತ್ತೆ ಶಸ್ತ್ರಚಿಕಿತ್ಸೆಯೂ ಇದೆ. ಎರಡೂ ಮೊದಲ ಆಪರೇಷನ್ನಿಗಿಂತ ಅಪಾಯದವು, ತಡವಾದಷ್ಟೂ ಹೆಚ್ಚು. ಬೆಳಗಾಗಲಿ ಎಂದು ಕಾಯದೆ ಆಗಲೇ ಹೊರಡಿ, ಐಎನ್‌ಆರ್ ಪುಸ್ತಕವನ್ನೂ ಮಾತ್ರೆಯ ಪಟ್ಟಿಯನ್ನೂ ಕೈಯಲ್ಲಿ ಹಿಡಿದುಕೊಳ್ಳಿ, ಕೊನೆಯ ಮಾತ್ರೆ ಯಾವ ದಿನ ನುಂಗಿದ್ದು ಎಂಬುದನ್ನು ಬಾಗಿಲಲ್ಲೇ ಡ್ಯೂಟಿ ಡಾಕ್ಟರಿಗೆ ನಿಜವಾಗಿ ಹೇಳಿ. ನಿಲ್ಲಿಸಿದ್ದರೆ ನಿಲ್ಲಿಸಿದೆ ಎಂದೇ ಹೇಳಿ, ಯಾರೂ ಬೈಯುವುದಿಲ್ಲ.